ಕರೆಯದ ತೊಟ್ಟು ಬತ್ತುತ್ತದೆ, ದುಡಿಸದ ಕೈಯೂ ಬತ್ತುತ್ತದೆ



ಹಸುವಿನ ನಾಲ್ಕು ತೊಟ್ಟಿನಲ್ಲಿ ಒಂದನ್ನು ಕರೆಯದೆ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲೆರಡು ದಿನ ಆ ಭಾಗದ ಕೆಚ್ಚಲು ಬಿಗಿಯುತ್ತದೆ. ಆಮೇಲೆ ಹಾಲು ಕಡಿಮೆಯಾಗುತ್ತಾ ಬಂದು ಕೆಲವು ವಾರಗಳಲ್ಲಿ ಬತ್ತಿಹೋಗುತ್ತದೆ. ಆ ತೊಟ್ಟಿಗೆ ರೋಗ ಬಂದಿರಲೇಬೇಕೆಂದಿಲ್ಲ. ಕರೆಯಲಿಲ್ಲ ಎಂಬುದೊಂದೇ ಸಾಕು. ಉಳಿದ ಮೂರು ತೊಟ್ಟು ಹೇಗೋ ಬಕೆಟ್ ತುಂಬಿಸುತ್ತಿರುವುದರಿಂದ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ.

ಲಕ್ವ ಹೊಡೆದವರ ಕೈಗೂ ಹೆಚ್ಚುಕಡಿಮೆ ಇದೇ ಗತಿಯಾಗುತ್ತಿದೆ. ಕೈ ಹೋದದ್ದರಲ್ಲಿ ಒಂದು ಪಾಲು ರೋಗದಿಂದ ಹೋಗಿರುತ್ತದೆ. ಇನ್ನೊಂದು ಪಾಲು ಆಮೇಲೆ ನಮ್ಮ ಮನೆಗಳಲ್ಲಿ, ನಮ್ಮ ಪ್ರೀತಿಯಿಂದಲೇ, ದುಡಿಸದೆ ಬಿಟ್ಟದ್ದಕ್ಕೆ ಹೋಗುತ್ತದೆ. ಮೊದಲನೆಯ ಪಾಲು ನಮ್ಮ ಕೈಯಲ್ಲಿಲ್ಲ. ಎರಡನೆಯದು ಇದೆ. ಅದರ ಬಗ್ಗೆ ಮಾತನಾಡಲೆಂದೇ ಈ ಲೇಖನ.

ದನದ ಡಾಕ್ಟರಿಗೆ ಮನುಷ್ಯರ ಲಕ್ವದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಮನುಷ್ಯರಿಗೆ ಔಷಧಿ ಬರೆಯುವವರ ಸಾಲಿಗೆ ಸೇರಿಲ್ಲ, ಇಲ್ಲಿ ಬರೆಯುತ್ತಲೂ ಇಲ್ಲ. ಆದರೆ ನರ, ಸ್ನಾಯು, ಕೀಲುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ನಮ್ಮ ಓದಿನಲ್ಲೂ ಇದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮನೆಯ ಹಿತ್ತಲು ಕೊಟ್ಟಿಗೆಯವರೆಗೆ ಬರುವ ಡಾಕ್ಟರು ನಾವೇ. ಹಸುವಿಗೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾ ನಿಂತಾಗ ಜಗಲಿಯ ಮೇಲೆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ ತಾಯಂದಿರು ಕಣ್ಣಿಗೆ ಬೀಳುತ್ತಾರೆ. ಮಾತಾಡಿಸಿದರೆ ಮನೆಯವರು ಹೇಳುವುದು ಒಂದೇ ಮಾತು: "ಸ್ಟ್ರೋಕ್ ಆಗಿ ಎಂಟು ತಿಂಗಳಾಯ್ತು ಸಾರ್. ಕಾಲು ಬಂತು, ಕೈ ಬರಲಿಲ್ಲ."

ಕಾಲು ಬಂತು, ಕೈ ಬರಲಿಲ್ಲ

ಈ ಮಾತನ್ನು ಸ್ವಲ್ಪ ಯೋಚಿಸಿ ನೋಡೋಣ. ಕೈ ಚೇತರಿಸಿಕೊಳ್ಳುವುದು ಕಾಲಿಗಿಂತ ಕಷ್ಟ ಎಂಬುದು ನಿಜ. ಬೆರಳುಗಳ ನಾಜೂಕು ಕೆಲಸಕ್ಕೆ ಮೆದುಳಿನಲ್ಲಿ ದೊಡ್ಡ ಜಾಗವೇ ಬೇಕು. ಆದರೆ ಇನ್ನೊಂದು ಕಾರಣವೂ ಇದೆ. ನಡೆಯಲು ಎರಡೂ ಕಾಲು ಬೇಕೇ ಬೇಕು. ಬಚ್ಚಲಿಗೆ ಹೋಗಬೇಕೆಂದರೂ ಸೋತ ಕಾಲನ್ನು ಎಳೆದಾದರೂ ಇಡಬೇಕು. ಹೀಗೆ ಕಾಲಿಗೆ ದಿನಕ್ಕೆ ಹತ್ತಾರು ಸಲ ತಾನಾಗಿಯೇ ಅಭ್ಯಾಸ ಸಿಗುತ್ತದೆ. ಕೈಗೆ ಆ ಬಲವಂತವಿಲ್ಲ. ಒಂದು ಕೈ ಸೋತರೆ ಇನ್ನೊಂದು ಕೈ ಎಲ್ಲವನ್ನೂ ಮಾಡಿಕೊಡುತ್ತದೆ. ಅದೂ ಸಾಲದಾದರೆ ಮಗಳು, ಸೊಸೆ ಓಡಿಬರುತ್ತಾರೆ.

ನಮ್ಮ ಕಡೆ ಬಲಗೈಗೇ ಪೆಟ್ಟು ಬಿದ್ದರೆ ಇನ್ನೂ ಒಂದು ತೊಡಕು. ಎಡಗೈಯಲ್ಲಿ ಉಣ್ಣಲು ಸಂಕೋಚ. ಹಾಗಾಗಿ ಮನೆಯವರೇ ತುತ್ತು ಕೊಡುತ್ತಾರೆ. ಮೊದಲ ದಿನಗಳಲ್ಲಿ ಅದು ಬೇಕು. ಆರು ತಿಂಗಳಾದರೂ ತುತ್ತು ಕೊಡುತ್ತಲೇ ಇದ್ದರೆ, ಆ ಕೈಗೆ "ನಿನ್ನ ಅಗತ್ಯವಿಲ್ಲ" ಎಂದು ದಿನಕ್ಕೆ ಮೂರು ಸಲ ಹೇಳಿದಂತೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಬೇಗ ನಡೆದುಹೋಗುತ್ತದೆ. ಮನೆಯಾಕೆಗೆ ಲಕ್ವವಾದ ತಿಂಗಳೊಳಗೆ "ಇನ್ನು ಯಾರು ನೋಡಿಕೊಳ್ಳುತ್ತಾರೆ" ಎಂದು ಹಸು ಮಾರುವ ಮಾತು ಬರುತ್ತದೆ. ಹಸು ಹೋದರೆ ಡೇರಿಗೆ ಹೋಗುವ ದಾರಿ, ಪಾಸ್‌ಬುಕ್ಕು, ಬಟವಾಡೆಯ ಹಣ ಎಲ್ಲವೂ ಹೋದಂತೆ. ಜೊತೆಗೆ ಆ ಕೈಗೆ ವಾಪಸು ಬರಲು ಇದ್ದ ಕಾರಣವೂ ಹೋಗುತ್ತದೆ. ಹಸು ಮಾರಲೇಬೇಕಾದ ಕಷ್ಟ ಕೆಲವರಿಗೆ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಹಸುವನ್ನಾದರೂ ಮೂರು ತಿಂಗಳು ಉಳಿಸಿಕೊಳ್ಳುವುದು ಸಾಧ್ಯವೇ ಎಂದು ಮಾರುವ ಮೊದಲು ಒಮ್ಮೆ ಲೆಕ್ಕ ಹಾಕಿ ಎಂಬುದಷ್ಟೇ ನನ್ನ ವಿನಂತಿ.

ಮೊದಲ ಗಂಟೆಗಳು, ಮೊದಲ ದಿನಗಳು

ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಅದು ಶುರುವಾದ ಹೊತ್ತನ್ನು ನೆನಪಿಟ್ಟುಕೊಂಡು ತಕ್ಷಣ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ರಕ್ತನಾಳ ಕಟ್ಟಿಕೊಂಡು ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಕೆಲವು ಕಡೆ ಪಾರಿವಾಳ ಕೊಯ್ದು ರಕ್ತ ಹಚ್ಚುವ ರೂಢಿ ಇನ್ನೂ ಇದೆ. ಅದರಿಂದ ಪಾರಿವಾಳ ಸಾಯುತ್ತದೆ, ಆ ನಾಲ್ಕೂವರೆ ಗಂಟೆಯೂ ಕಳೆದುಹೋಗುತ್ತದೆ. ಬೇರೆ ಏನೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಜೀವ ಉಳಿದ ಮೇಲೆ ಎರಡು ತಪ್ಪು ತಿಳಿವಳಿಕೆ ಕಾಣುತ್ತೇನೆ. ಒಂದು, ಪೂರ್ತಿ ವಿಶ್ರಾಂತಿ ಕೊಡಬೇಕು ಎಂಬುದು. ಇನ್ನೊಂದು, ಮೊದಲ ದಿನದಿಂದಲೇ ಎಬ್ಬಿಸಿ ಜಗ್ಗಾಡಿಸಬೇಕು ಎಂಬುದು. ಎರಡನೆಯದನ್ನು 5 ದೇಶಗಳ 2104 ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. 2015ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಮೊದಲ 24 ಗಂಟೆಯೊಳಗೇ ಹೆಚ್ಚು ಹೆಚ್ಚು ಎಬ್ಬಿಸಿ ಓಡಾಡಿಸಿದವರ ಚೇತರಿಕೆ ಉಳಿದವರಿಗಿಂತ ಹಿಂದೆ ಬಿತ್ತು. ಆದ್ದರಿಂದ ಮೊದಲ ದಿನಗಳಲ್ಲಿ ಎಷ್ಟು, ಯಾವಾಗ ಎಂಬುದನ್ನು ಆಸ್ಪತ್ರೆಯವರೇ ಹೇಳಬೇಕು.

ಹಾಗೆಂದು ಕೈಯನ್ನು ಬಿದ್ದಂತೆ ಬಿಡಬಾರದು. ಕರು ಹಾಕಿ ಹಾಲುಜ್ವರದಿಂದ ನೆಲ ಹಿಡಿದ ಹಸುವನ್ನು ನೀವು ಏನು ಮಾಡುತ್ತೀರಿ? ಕೆಳಗೆ ದಪ್ಪಗೆ ಹುಲ್ಲು ಹಾಸಿ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೀರಿ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಕ್ಯಾಲ್ಸಿಯಂ ಸರಿಹೋದರೂ, ತನ್ನದೇ ಭಾರಕ್ಕೆ ಕಾಲಿನ ಸ್ನಾಯು ನಜ್ಜಾಗಿ ಅದು ಏಳಲಾರದು. ಮೂಲ ರೋಗ ಬೇರೆ, ಬಿದ್ದುಕೊಂಡಿದ್ದರಿಂದ ಬರುವ ರೋಗ ಬೇರೆ. ಲಕ್ವದ ಕೈಯಲ್ಲೂ ಹೀಗೆಯೇ. ತೋಳನ್ನು ದಿಂಬಿನ ಆಸರೆಯಲ್ಲಿ ಇಡಬೇಕು, ಜೋತುಬಿಡಬಾರದು. ಏಳಿಸುವಾಗ, ಮಗ್ಗುಲು ತಿರುಗಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಲೇಬಾರದು. ಆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಒಮ್ಮೆ ಎಳೆದದ್ದಕ್ಕೆ ಭುಜ ಜಾರಿ ನೋವು ಶುರುವಾದರೆ, ಮುಂದೆ ಯಾವ ವ್ಯಾಯಾಮಕ್ಕೂ ಆಕೆ ಕೈ ಕೊಡುವುದಿಲ್ಲ.

ಮುಂಗಾಲಿನ ಗೆಣ್ಣು ಮಡಿಚಿಕೊಂಡು ಹುಟ್ಟಿದ ಕರುವಿಗೆ ನಾವು ದಬ್ಬೆ ಕಟ್ಟಿ, ನಿಧಾನವಾಗಿ ನಿಲ್ಲಿಸಿ ಅಭ್ಯಾಸ ಮಾಡಿಸುವುದನ್ನು ನೋಡಿದ್ದೀರಿ. ಬಿಗಿದ ಮಣಿಕಟ್ಟು, ಬೆರಳುಗಳಿಗೂ ಕೆಲವೊಮ್ಮೆ ಅಂಥ ಆಸರೆಪಟ್ಟಿ ಕೊಡುತ್ತಾರೆ. ಕರುವಿನಂತೆ ಇಲ್ಲಿಯೂ ಬರೀ ಕಟ್ಟಿದರೆ ಕಾಲು ಬರುವುದಿಲ್ಲ, ಆಮೇಲೆ ದುಡಿಸಬೇಕು.

ಕೈ ಕೆಲಸ ಮರೆಯುವುದು ಹೇಗೆ

ಈ ವಿಷಯದಲ್ಲಿ ಹೆಚ್ಚು ತಿಳಿವಳಿಕೆ ಕೊಟ್ಟವರು ಅಮೆರಿಕದ ಎಡ್ವರ್ಡ್ ಟೌಬ್ ಎಂಬ ಮನಶ್ಶಾಸ್ತ್ರಜ್ಞರು. ಅವರು ಕೋತಿಗಳ ಒಂದು ಕೈಯ ಸ್ಪರ್ಶದ ನರಗಳನ್ನು ಮಾತ್ರ ಕತ್ತರಿಸಿ ನೋಡಿದರು. ಕೈಯನ್ನು ಆಡಿಸುವ ನರಗಳು ಹಾಗೆಯೇ ಇದ್ದವು. ಆದರೂ ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಆಮೇಲೆ ಸರಿಯಿದ್ದ ಕೈಯನ್ನು ಕೆಲವು ದಿನ ಕಟ್ಟಿಹಾಕಿದಾಗ, ಸತ್ತೇಹೋಯಿತು ಎಂದುಕೊಂಡಿದ್ದ ಕೈಯಿಂದಲೇ ಕೋತಿ ಆಹಾರ ಎತ್ತಿ ತಿನ್ನತೊಡಗಿತು. ಒಂದೆರಡು ದಿನಕ್ಕೇ ಬಿಚ್ಚಿದರೆ ಮತ್ತೆ ಹಳೆಯ ಚಾಳಿ. ಹೆಚ್ಚು ದಿನ ಕಟ್ಟಿದ್ದರೆ ಬಿಚ್ಚಿದ ಮೇಲೂ ಆ ಕೈ ಕೆಲಸ ಮಾಡುತ್ತಿತ್ತು.

ಟೌಬ್ ಕಂಡುಕೊಂಡದ್ದು ಇದು. ಪೆಟ್ಟು ಬಿದ್ದ ಹೊಸದರಲ್ಲಿ ಆ ಕೈಯಿಂದ ಪ್ರಯತ್ನಿಸಿದಾಗಲೆಲ್ಲ ಸೋಲು: ಲೋಟ ಬೀಳುತ್ತದೆ, ಅನ್ನ ಚೆಲ್ಲುತ್ತದೆ, ನೋವಾಗುತ್ತದೆ. ಇನ್ನೊಂದು ಕೈ ಸಲೀಸಾಗಿ ಮಾಡುತ್ತದೆ. ಹೀಗೆ ಮೆದುಳು "ಈ ಕೈ ಬೇಡ" ಎಂದು ಕಲಿತುಬಿಡುತ್ತದೆ. ಮುಂದೆ ಮೆದುಳು ಸ್ವಲ್ಪ ಚೇತರಿಸಿಕೊಂಡರೂ ಆ ಪಾಠ ಮರೆಯುವುದಿಲ್ಲ. ಕೈಯಲ್ಲಿ ಶಕ್ತಿ ಸ್ವಲ್ಪ ಮರಳಿದ್ದರೂ ಅದು ಮಡಿಲಲ್ಲೇ ಉಳಿಯುತ್ತದೆ.

ಪಶುವೈದ್ಯರಾಗಿ ನಾನು ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1981ರಲ್ಲಿ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನಲ್ಲಿದ್ದ ಟೌಬ್ ಅವರ ಪ್ರಯೋಗಾಲಯಕ್ಕೆ ಪೊಲೀಸರು ನುಗ್ಗಿ, ಕೆಟ್ಟ ಸ್ಥಿತಿಯಲ್ಲಿಟ್ಟಿದ್ದಾರೆ ಎಂಬ ಆರೋಪದ ಮೇಲೆ 17 ಕೋತಿಗಳನ್ನು ವಶಕ್ಕೆ ತೆಗೆದುಕೊಂಡರು. ಅವರಿಗೆ ಆದ ಶಿಕ್ಷೆಯನ್ನು ಮೇಲಿನ ನ್ಯಾಯಾಲಯ ಆಮೇಲೆ ರದ್ದು ಮಾಡಿತು. ಆದರೆ ಆ ಗಲಾಟೆಯ ನಂತರ, 1985ರಲ್ಲಿ, ಪ್ರಯೋಗಾಲಯದ ಪ್ರಾಣಿಗಳ ಬಗ್ಗೆ ಅಮೆರಿಕದ ಕಾನೂನು ಬಿಗಿಯಾಯಿತು. ಮೂಕಪ್ರಾಣಿಗಳು ಇಷ್ಟು ಬೆಲೆ ತೆತ್ತ ತಿಳಿವಳಿಕೆ ಇದು. ನಮ್ಮ ಹಳ್ಳಿಯ ಜಗಲಿಯ ಮೇಲೆ ಕೂತ ತಾಯಿಗೆ ಅದರ ಪ್ರಯೋಜನ ಸಿಗದಿದ್ದರೆ ಆ ಪ್ರಾಣಿಗಳ ನೋವೂ ದಂಡವಾದಂತೆ.

ಒಳ್ಳೆಯ ಕೈಗೆ ಚೀಲ, ಸೋತ ಕೈಗೆ ಕೆಲಸ

ಕೋತಿಗಳಿಂದ ಕಲಿತದ್ದನ್ನು ಮನುಷ್ಯರಿಗೆ ಹೊಂದಿಸಿ ಮಾಡಿದ ಚಿಕಿತ್ಸೆ ಹೀಗಿದೆ. ಒಳ್ಳೆಯ ಕೈಗೆ ದಪ್ಪ ಕೈಚೀಲ ತೊಡಿಸಿ, ಸೋತ ಕೈಯಿಂದಲೇ ಸಣ್ಣ ಸಣ್ಣ ಕೆಲಸ ಮಾಡಿಸುವುದು. ಸುಲಭದಿಂದ ಶುರುಮಾಡಿ ಒಂದೊಂದೇ ಹಂತ ಏರಿಸುವುದು. ಲಕ್ವವಾಗಿ 3ರಿಂದ 9 ತಿಂಗಳಾಗಿದ್ದ 222 ಜನರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಎರಡು ವಾರ, ವಾರದ ದಿನಗಳಲ್ಲಿ ಸುಮಾರು 6 ಗಂಟೆ ಅಭ್ಯಾಸ. ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಕಾಲ ಒಳ್ಳೆಯ ಕೈಗೆ ಚೀಲ ತೊಡಬೇಕೆಂಬ ಗುರಿ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದು ವರ್ಷದ ನಂತರವೂ ಇವರ ಕೈ ಮಾಮೂಲಿ ಆರೈಕೆ ಪಡೆದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಂದರೆ, "ಮೂರು ತಿಂಗಳೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ" ಎಂಬ ಮಾತು ಪೂರ್ತಿ ನಿಜವಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು, ಅದು ಸರಿ. ಆದರೆ ಆಮೇಲೆ ಬಾಗಿಲು ಮುಚ್ಚುವುದಿಲ್ಲ. ತೊಟ್ಟಿಗೂ ಕೈಗೂ ಇರುವ ವ್ಯತ್ಯಾಸ ಇದು. ಬತ್ತಿದ ತೊಟ್ಟು ಆ ಸೂಲಿಗೆ ಸಾಮಾನ್ಯವಾಗಿ ಮುಗಿಯಿತು. ಕೈಗೆ ಇನ್ನೂ ಅವಕಾಶವಿದೆ.

ಇದು ಎಲ್ಲರಿಗೂ ಆಗುವ ಚಿಕಿತ್ಸೆಯಲ್ಲ. ಮಣಿಕಟ್ಟನ್ನು ಸ್ವಲ್ಪ ಮೇಲೆತ್ತಲು, ಬೆರಳನ್ನು ಸ್ವಲ್ಪವಾದರೂ ಬಿಚ್ಚಲು ಬರುವವರಿಗೆ ಮಾತ್ರ. ಲಕ್ವವಾದ ಮೊದಲ ಕೆಲವು ದಿನಗಳಲ್ಲೇ ಅತಿಯಾಗಿ ಮಾಡಿಸಿದರೆ ಕೆಡಕೂ ಆಗಬಹುದು. 52 ಜನರ ಮೇಲೆ ನಡೆದು 2009ರಲ್ಲಿ ಬಂದ ಅಧ್ಯಯನದಲ್ಲಿ ಹೆಚ್ಚು ಹೊತ್ತು ಮಾಡಿಸಿದ ಗುಂಪೇ ಹಿಂದೆ ಬಿತ್ತು. ಹಾಗಾಗಿ ಫಿಸಿಯೋಥೆರಪಿಸ್ಟ್ ನೋಡಿ ಒಪ್ಪಿದ ಮೇಲೆಯೇ ಶುರುಮಾಡಬೇಕು. ನಡೆಯುವಾಗ, ಒಲೆಯ ಮುಂದೆ, ಹಸುವಿನ ಪಕ್ಕ ಒಳ್ಳೆಯ ಕೈಗೆ ಚೀಲ ಇರಬಾರದು. ಬೀಳುವಾಗ ಆಧರಿಸುವ ಕೈ ಅದೊಂದೇ.

ಎಷ್ಟು ಸಲ ಎಂಬುದೇ ಔಷಧಿ

ಮಾಲೀಸು ಬೇರೆ, ಫಿಸಿಯೋಥೆರಪಿ ಬೇರೆ. ಎಣ್ಣೆ ಹಚ್ಚಿ ತಿಕ್ಕುವಾಗ ಕೆಲಸ ಮಾಡುವುದು ತಿಕ್ಕುವವರ ಕೈ. ಸೋತ ಕೈ ತಾನೇ ಪ್ರಯತ್ನಪಟ್ಟಾಗ ಮಾತ್ರ ಮೆದುಳು ಕಲಿಯುತ್ತದೆ. ಅದೂ ಹತ್ತು ಸಲ ಮಾಡಿದರೆ ಸಾಲದು. ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಮೆದುಳಿನಲ್ಲಿ ಬದಲಾವಣೆ ಕಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಆದರೆ ಅಮೆರಿಕದಲ್ಲೇ ಫಿಸಿಯೋಥೆರಪಿ ನಡೆಯುವಾಗ ಕೂತು ಎಣಿಸಿದವರಿಗೆ ಒಂದು ಸರದಿಯಲ್ಲಿ ಕೈಯ ಕೆಲಸ ಸರಾಸರಿ 32 ಸಲ ಮಾತ್ರ ಆಗುತ್ತಿರುವುದು ಕಂಡಿತು. ಆಸ್ಪತ್ರೆಯ ಅರ್ಧ ಗಂಟೆ ಸಾಲುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಉಳಿದದ್ದು ಮನೆಯಲ್ಲಿ, ದಿನದ ಕೆಲಸದಲ್ಲಿ ಆಗಬೇಕು.

ನಮ್ಮ ಮನೆಗಳಲ್ಲಿ ಕೈಗೆ ಕೆಲಸಕ್ಕೇನು ಬರ? ತಣ್ಣೀರಿನ ಲೋಟವನ್ನು ಕಾಲು ಭಾಗ ತುಂಬಿ ಎತ್ತಿಡುವುದು, ಆಮೇಲೆ ಅರ್ಧ ತುಂಬಿ ಎತ್ತಿಡುವುದು. ಹುರುಳಿಕಾಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಒಂದೊಂದಾಗಿ ಹಾಕುವುದು. ಅವರೆಕಾಯಿ ಸುಲಿಯುವಾಗ ಸೋತ ಕೈಯಲ್ಲಿ ಕಾಯಿ ಹಿಡಿದುಕೊಳ್ಳುವುದು. ಕ್ಯಾನಿನ ಮುಚ್ಚಳ ಒರೆಸುವುದು, ಗೋಣಿಚೀಲ ಮಡಿಸುವುದು, ಕರುವಿನ ಬೆನ್ನು ಸವರುವುದು. ಉಣ್ಣಲು ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಹಿಡಿಯಲು ಸುಲಭ. ಚೆಲ್ಲಲಿ ಬಿಡಿ, ಸೀರೆ ತೊಳೆದರಾಯಿತು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಆಗುತ್ತದೆ ಎಂದು ಕಿತ್ತುಕೊಳ್ಳಬೇಡಿ. ಆ ಅರ್ಧ ಗಂಟೆಯೇ ಚಿಕಿತ್ಸೆ.

ಕೂಡದ ಕೆಲಸಗಳೂ ಇವೆ. ಲಕ್ವದ ಕೈಗೆ ಬಿಸಿ, ಚೂಪು ತಿಳಿಯದೆ ಇರಬಹುದು. ಬಿಸಿ ಹಾಲು, ಕುಡುಗೋಲು, ಮೇವು ಕತ್ತರಿಸುವ ಯಂತ್ರ, ಹಾಯುವ ಹಸು, ಇವುಗಳ ಹತ್ತಿರ ಬಿಡಬೇಡಿ.

ಹಾಲು ಕರೆಯುವ ಬಗ್ಗೆ ಹೆಚ್ಚಿನ ಹೆಂಗಸರು ಕೇಳುತ್ತಾರೆ. "ಚೆಂಡು ಹಿಂಡಿ" ಎಂದು ಎಲ್ಲರೂ ಸಲಹೆ ಕೊಡುವುದು ವಾಡಿಕೆ. ಆದರೆ ಲಕ್ವದ ಕೈ ಎಷ್ಟೋ ಸಲ ಮುಷ್ಟಿ ಬಿಗಿದುಕೊಂಡೇ ಇರುತ್ತದೆ. ಅದಕ್ಕೆ ಹಿಂಡುವುದಕ್ಕಿಂತ ಬಿಡುವುದು ಕಷ್ಟ. ಕರೆಯುವುದು ಎಂದರೆ ಹಿಂಡಿ ಬಿಡುವ ಎರಡು ಕೆಲಸ, ಅದು ನಿಮಗೆ ಗೊತ್ತು. ನಮ್ಮ ರಬ್ಬರ್ ಕೈಗವಸಿಗೆ ನೀರು ತುಂಬಿ, ಬೆರಳ ತುದಿಗೆ ಸೂಜಿಯಲ್ಲಿ ಚುಚ್ಚಿ, ಗೂಟಕ್ಕೆ ನೇತುಹಾಕಿದರೆ ಒಂದು ಸುಳ್ಳು ಕೆಚ್ಚಲು ಸಿದ್ಧ. ಪ್ರತಿ ಸಲವೂ ಬೆರಳು ಪೂರ್ತಿ ಬಿಚ್ಚಿ ಮತ್ತೆ ಹಿಡಿಯುವುದನ್ನು ಅದರ ಮೇಲೆ ಕಲಿಯಬಹುದು. ಇದು ನಿಮ್ಮ ಕೈಗೆ ಸರಿಯೇ ಎಂದು ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿಯೇ ಶುರುಮಾಡಿ. ನಿಜವಾದ ಹಸುವನ್ನು ಮಾತ್ರ ಕೈ ಪೂರ್ತಿ ಕರೆಯುವಂತಾಗುವವರೆಗೆ ಬೇರೆಯವರೇ ಕರೆಯಲಿ. ಅರ್ಧಂಬರ್ಧ ಕರೆದು ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ.

ಕೈ ಒಂದಿಷ್ಟೂ ಆಡದವರಿಗೆ

ಬೆರಳು ಕೂಡ ಅಲ್ಲಾಡದವರಿಗೂ ದಾರಿಗಳಿವೆ. ಅದರಲ್ಲಿ ಅಗ್ಗದ್ದು ಕನ್ನಡಿ. ಎದೆಯ ಮುಂದೆ ಮೇಜಿನ ಮೇಲೆ ಕನ್ನಡಿಯನ್ನು ಅಡ್ಡ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಇಟ್ಟು, ಮುಂದಿನ ಒಳ್ಳೆಯ ಕೈಯನ್ನು ಆಡಿಸುತ್ತಾ ಕನ್ನಡಿಯನ್ನೇ ನೋಡಬೇಕು. ಸೋತ ಕೈಯೇ ಆಡುತ್ತಿರುವಂತೆ ಕಣ್ಣಿಗೆ ಕಾಣುತ್ತದೆ, ಮೆದುಳು ಅದನ್ನು ನಂಬುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಇದನ್ನು ಮೊದಲು ಬಳಸಿದ್ದು ಕೈ ಕತ್ತರಿಸಿದವರ ನೋವಿಗೆ. 1999ರಿಂದ ಲಕ್ವದವರಲ್ಲೂ ಪರೀಕ್ಷೆ ನಡೆಯಿತು. 62 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವರದಿ, ಬೇರೆ ಚಿಕಿತ್ಸೆಯ ಜೊತೆಗೆ ಇದು ಕೈಯ ಚಲನೆಗೆ ಸಹಾಯ ಮಾಡುತ್ತದೆ ಎಂದು ಹೇಳಿದೆ. ಸಣ್ಣ ಕರೆಂಟಿನಿಂದ ಸ್ನಾಯು ಎಚ್ಚರಿಸುವುದು, ಬಿಗಿತ ಹೆಚ್ಚಿದ್ದರೆ ಅದನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಕೂಡ ಇವೆ. ಇಂಜೆಕ್ಷನ್ ಬಿಗಿತ ಸಡಿಲಿಸುತ್ತದೆ ಅಷ್ಟೆ, ಕೆಲಸ ಕಲಿಸುವುದಿಲ್ಲ.

ದುಬಾರಿ ಯಂತ್ರಗಳ ವಿಷಯದಲ್ಲಿ ಒಂದು ಕಿವಿಮಾತು. ರೋಬೋಟ್ ಯಂತ್ರದಲ್ಲಿ ಕೈಯಿಟ್ಟು ಅಭ್ಯಾಸ ಮಾಡಿಸುವುದನ್ನು ಬ್ರಿಟನ್ನಿನಲ್ಲಿ 770 ಜನರ ಮೇಲೆ ಪರೀಕ್ಷಿಸಿದರು. 2019ರ ಫಲಿತಾಂಶದಲ್ಲಿ, ದಿನನಿತ್ಯದ ಕೈಕೆಲಸದಲ್ಲಿ ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಯಂತ್ರಕ್ಕಾಗಿ ಒಡವೆ ಅಡವಿಡುವ ಮೊದಲು ಇದು ನೆನಪಿರಲಿ.

ಎಲ್ಲವನ್ನೂ ಮಾಡಿದರೂ ಕೆಲವರ ಕೈ ಪೂರ್ತಿ ಬರುವುದಿಲ್ಲ. ಅದು ಅವರ ಸೋಮಾರಿತನವಲ್ಲ, ಮೆದುಳಿಗೆ ಬಿದ್ದ ಪೆಟ್ಟು ದೊಡ್ಡದು. ಅಂಥವರಿಗೆ "ಪ್ರಯತ್ನ ಸಾಲದು" ಎಂದು ಚುಚ್ಚಬೇಡಿ. ಲೋಟ ಒತ್ತಿ ಹಿಡಿಯುವಷ್ಟು, ಚೀಲದ ಬಾಯಿ ಅದುಮಿಕೊಳ್ಳುವಷ್ಟು ಬಂದರೂ ಅದು ದೊಡ್ಡ ಲಾಭವೇ. ಲಕ್ವದ ನಂತರ ಮನಸ್ಸು ಕುಗ್ಗುವುದು, ಸುಮ್ಮನೆ ಅಳು ಬರುವುದು ಸಾಮಾನ್ಯ. ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಮನೆಯವರೇ ಮಾಡಿಸಿದರೆ ಸಾಕೇ?

ಇಷ್ಟೆಲ್ಲ ಓದಿ, "ಸರಿ, ಸೊಸೆಯೇ ಮಾಡಿಸುತ್ತಾಳೆ ಬಿಡಿ" ಎಂದು ಕೆಲವರು ಹೇಳಬಹುದು. ಅದನ್ನೂ ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಸೇರಿಸಿಕೊಂಡು, ಒಂದು ಗುಂಪಿನವರ ಮನೆಯವರಿಗೆ ತರಬೇತಿ ಕೊಟ್ಟು ಮನೆಯಲ್ಲೇ ಅಭ್ಯಾಸ ಮಾಡಿಸಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ಕೊನೆಯಲ್ಲಿ ಸಾವು ಅಥವಾ ಪರಾವಲಂಬನೆಯ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ.

ಇದರಿಂದ ಮನೆಯ ಅಭ್ಯಾಸ ದಂಡ ಎಂದು ನಾನು ತಿಳಿಯುವುದಿಲ್ಲ. ಪರಿಣತರು ಮಾಡಬೇಕಾದ ಕೆಲಸವನ್ನು ಮನೆಯ ಹೆಂಗಸಿನ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಆಗದು ಎಂದು ತಿಳಿಯುತ್ತೇನೆ. ಹಸು, ಮಕ್ಕಳು, ಅಡುಗೆ, ಹೊಲ ಎಲ್ಲದರ ಜೊತೆ ಸೊಸೆ ಇದನ್ನೂ ಮಾಡಬೇಕು, ಯಾವ ಹಂತ ಸರಿ, ಯಾವುದು ತಪ್ಪು ಎಂದು ಅವಳೇ ತಿಳಿಯಬೇಕು ಎಂದರೆ ಹೇಗೆ? ಮನೆಯವರ ಕೈಯೂ ಬೇಕು, ಪರಿಣತರ ಕಣ್ಣೂ ಬೇಕು. ವಾರಕ್ಕೊಮ್ಮೆಯಾದರೂ ನೋಡಿ, ಹಂತ ಏರಿಸಿ, ತಪ್ಪು ತಿದ್ದುವ ಫಿಸಿಯೋಥೆರಪಿಸ್ಟ್ ಒಬ್ಬರು ಹತ್ತಿರದಲ್ಲಿರಬೇಕು.

ಇಲ್ಲಿಂದ ಮುಂದಿನದು ನನ್ನ ಸ್ವಂತ ಅಭಿಪ್ರಾಯ, ಒಕ್ಕೂಟದ ನಿರ್ಧಾರವಲ್ಲ. ಹಸು ಕರು ಹಾಕಲು ಕಷ್ಟಪಟ್ಟರೆ ನೀವು ಫೋನ್ ಮಾಡುತ್ತೀರಿ, ರಾತ್ರಿಯಾದರೂ ನಮ್ಮಲ್ಲೊಬ್ಬರು ಬರುತ್ತೇವೆ. ಆ ಹಸುವನ್ನು ಕರೆಯುವ ಕೈ ಸೋತರೆ ಬರುವವರು ಯಾರೂ ಇಲ್ಲ. ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರಲು ಒಂದು ದಿನದ ಕೂಲಿ, ಜೊತೆಗೊಬ್ಬರು ಬೇಕು. ಎರಡು ಸಲ ಹೋಗಿ ಮೂರನೆಯ ಸಲಕ್ಕೆ ನಿಂತುಬಿಡುತ್ತಾರೆ. ಹಾಲಿನ ಶೀತಲೀಕರಣ ಕೇಂದ್ರಗಳಲ್ಲಿ, ಕೆಲವು ಸಂಘಗಳಿಗೆ ಸೇರಿ ಒಂದು ಕಡೆ, ವಾರಕ್ಕೆ ಒಂದು ದಿನ ಫಿಸಿಯೋಥೆರಪಿಸ್ಟ್ ಬಂದು ಕೂರುವ ವ್ಯವಸ್ಥೆ ಆಗಬೇಕು. ಒಂದು ಕೋಣೆ, ಒಂದು ಮಂಚ, ಒಂದು ಮೇಜು, ಒಂದು ಕನ್ನಡಿ ಸಾಕು. ಸಂಬಳದ ಹೊರೆಯನ್ನು ಸಂಘಗಳು ಹಂಚಿಕೊಳ್ಳಬಹುದು. ಲಕ್ವದವರಿಗೆ ಮಾತ್ರವಲ್ಲ, ಮೊಣಕಾಲು, ಸೊಂಟ ನೋವಿನ ನಮ್ಮೆಲ್ಲ ಸದಸ್ಯೆಯರಿಗೂ ಉಪಯೋಗವಾಗುತ್ತದೆ.

"ಒಕ್ಕೂಟದ ಕೆಲಸ ಹಾಲು, ಆಸ್ಪತ್ರೆಯಲ್ಲ" ಎಂಬ ಉತ್ತರ ಬರಬಹುದು. ಆದರೆ ಸಹಕಾರ ಸಂಘಗಳ ಸದಸ್ಯರಿಗೆಂದೇ ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಬಂದಾಗಲೂ ಸಹಕಾರಕ್ಕೂ ಆಪರೇಷನ್ನಿಗೂ ಏನು ಸಂಬಂಧ ಎಂದು ಕೇಳಬಹುದಿತ್ತು. ನಡುವೆ ನಿಂತಿದ್ದ ಆ ಯೋಜನೆಯನ್ನು 2022ರಲ್ಲಿ ಮತ್ತೆ ತಂದರು, ಜನಕ್ಕೆ ಬೇಕಾಗಿದ್ದರಿಂದ. ಹಸುವಿಗೆ ವಿಮೆ ಮಾಡಿಸುವ ನಾವು ಹಸು ಸಾಕುವವಳ ಕೈ ಬಗ್ಗೆ ಯೋಚಿಸುವುದು ಅತಿಯಾಯಿತೇ?

ಸಂಘಗಳ ವಾರ್ಷಿಕ ಸರ್ವ ಸದಸ್ಯರ ಸಭೆ ಬರುತ್ತದೆ. ಬೋನಸ್, ಹಾಲಿನ ದರದ ಮಾತು ಮುಗಿದ ಮೇಲೆ ಎದ್ದು ನಿಂತು ಇದನ್ನು ಕೇಳಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವಂತೆ ಕಾರ್ಯದರ್ಶಿಗೆ ಹೇಳಿ. ಒಬ್ಬರು ಕೇಳಿದರೆ ಅಹವಾಲು, ಇಪ್ಪತ್ತು ಸಂಘಗಳಲ್ಲಿ ಕೇಳಿದರೆ ಒಕ್ಕೂಟದ ಆಡಳಿತ ಮಂಡಳಿಯ ಮುಂದೆ ವಿಷಯವಾಗುತ್ತದೆ.

ಅಲ್ಲಿಯವರೆಗೆ ಮೂರು ಕೆಲಸ ನಿಮ್ಮ ಕೈಯಲ್ಲಿವೆ. ನಲವತ್ತು ದಾಟಿದವರು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಪರೀಕ್ಷಿಸಿಕೊಳ್ಳಿ. ಲಕ್ವಕ್ಕೆ ದೊಡ್ಡ ಕಾರಣ ಬಿ.ಪಿ., ಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ನಿಮ್ಮ ಬೀದಿಯಲ್ಲಿ ಲಕ್ವವಾದವರಿದ್ದರೆ, ಆಸ್ಪತ್ರೆಯಿಂದ ಬಂದ ಮೇಲೆ ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ನೋಡಿದ್ದಾರೆಯೇ ಎಂದು ವಿಚಾರಿಸಿ. ನಿಮ್ಮ ಮನೆಯಲ್ಲೇ ಇದ್ದರೆ, ಪಾಸ್‌ಬುಕ್ಕಿನಲ್ಲಿ ಆಕೆಯ ಹೆಸರು ಹಾಗೆಯೇ ಇರಲಿ, ದಿನಕ್ಕೊಂದು ಕೆಲಸ ಆಕೆಯದೆಂದೇ ಇರಲಿ. ಸಣ್ಣದಾದರೂ ಆಗಲಿ, ತಡವಾದರೂ ಆಗಲಿ, ಸೋತ ಕೈಯೇ ಮಾಡಲಿ.

ನಿಮ್ಮ,
ಪಶುವೈದ್ಯಾಧಿಕಾರಿ